ಮುಷ್ಟಿಯಲ್ಲಿ ಉಳಿದ ಹುಣಸೆಬೀಜ

ಶಾಲಿವಾಹನ ಶಕ ೨೦೯೧, ಫಾಲ್ಗುಣ ಮಾಸದ ಮೂವತ್ತಮೂರನೇ ದಿನ, ನೆರಳುವಾರ
ನೆಲಮನೆ ಕೇರಿ, ಅರಸೀಕೆರೆ

ನಮ್ಮ ವಂಶದ ಹಿರಿಯಜ್ಜಿ ಸರ್ವಮಂಗಳಮ್ಮನವರ ಪಾದಗಳಿಗೆ ನಿಮ್ಮ ಮರಿಮಗಳ ಮೊಮ್ಮಗ ಗವಿರಂಗಯ್ಯ ಮಾಡುವ ನಮಸ್ಕಾರಗಳು. ಈ ಕಾಗದ ನಿಮ್ಮ ಕೈ ಸೇರುವಾಗ ನಿಮಗೆ ನಲವತ್ತರ ಆಸುಪಾಸು, ನನಗೆ ಎಪ್ಪತ್ತು. ವಯಸ್ಸು ನೋಡಿದರೆ ನೀವೇ ನನ್ನ ಕಾಲಿಗೆ ಬೀಳಬೇಕು, ವಾವೆ ನೋಡಿದರೆ ನಾನು ಬೀಳಬೇಕು. ಬಿದ್ದಿದ್ದೇನೆ, ಮಂಡಿ ನೋವು, ಎಬ್ಬಿಸುವವರಿಲ್ಲ. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಕ್ಷೇಮವಾಗಿದ್ದರೆ ನಾನು ಈ ಕಾಗದವನ್ನು ಖರ್ಚು ಮಾಡುತ್ತಿರಲಿಲ್ಲ.

ದಿನಾಂಕ ನೋಡಿ ಯಾರೋ ಕೀಟಲೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ಕೀಟಲೆ ನನ್ನ ಹುಟ್ಟುಗುಣ, ಆದರೆ ಇವತ್ತು ಮಾಡುತ್ತಿಲ್ಲ. ನಮ್ಮಲ್ಲಿ ಬೇಸಿಗೆಯ ತಿಂಗಳುಗಳನ್ನು ಉದ್ದ ಮಾಡಿದ್ದಾರೆ, ಬುಧವಾರಕ್ಕೂ ಗುರುವಾರಕ್ಕೂ ನಡುವೆ ನೆರಳುವಾರ ಅಂತ ಒಂದು ದಿನ ತುರುಕಿದ್ದಾರೆ. ಅವತ್ತು ಯಾರೂ ಬಿಸಿಲಿಗೆ ತಲೆ ಹಾಕುವಂತಿಲ್ಲ. ಮಣ್ಣಿನೊಳಗೆ ಅರ್ಧ ಇಳಿದ ನೆಲಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ. ಆದರೂ ಈ ಸೀಮೆಯಲ್ಲಿ ಮದುವೆ ಆಮಂತ್ರಣದಿಂದ ಹಿಡಿದು ಮಂತ್ರಿಗೆ ಬೈಯುವ ಅರ್ಜಿವರೆಗೆ ಎಲ್ಲವನ್ನೂ ನನ್ನ ಕೈಯಲ್ಲೇ ಬರೆಸುತ್ತಾರೆ. ನನ್ನ ಅರ್ಜಿ ಓದಿ ಒಬ್ಬ ಮಂತ್ರಿ ಅತ್ತಿದ್ದಾನೆ. ನಕ್ಕು ನಕ್ಕು ಕಣ್ಣೀರು ಬಂತು ಅಂತ ಹೊಟ್ಟೆಕಿಚ್ಚಿನವರು ಹೇಳುತ್ತಾರೆ, ಕಣ್ಣೀರು ಕಣ್ಣೀರೇ.

ಇದನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಸ್ವಂತ ರಕ್ತದ ಹಿರಿಯರಿಗೆ ಮಾತ್ರ ಬರೆಯಬಹುದು, ಜೀವಮಾನಕ್ಕೆ ಒಂದೇ ಕಾಗದ. ನಾನು ನನ್ನದನ್ನು ನಲವತ್ತು ವರ್ಷದಿಂದ ಉಳಿಸಿಕೊಂಡು ಬಂದೆ. ಕಾಡುಮಾವಿನ ಹಣ್ಣು ನಿಜವಾಗಿ ಹೇಗಿತ್ತು, ಮೂಗಿಗೆ ಮೊದಲು ಬರುತ್ತಿತ್ತೋ ನಾಲಿಗೆಗೋ, ಅದನ್ನು ಕೇಳಿ ಬರೆಯಬೇಕು ಅಂತ ಆಸೆಯಿತ್ತು. ಈಗ ಅದಕ್ಕೆ ಪುರಸೊತ್ತಿಲ್ಲ.

ನೀವು ಹೆದರುವ ಮೊದಲು ಹೇಳಿಬಿಡುತ್ತೇನೆ, ರಾಗಿಮುದ್ದೆ ಇದೆ. ಅನ್ನ ಹಬ್ಬಕ್ಕೆ ಮಾತ್ರ. ನೀರು ಸರದಿಯ ಮೇಲೆ ಬರುತ್ತದೆ, ನಮ್ಮ ಕೇರಿಯ ಸರದಿ ಬಂದಾಗ ಹಿತ್ತಾಳೆಯ ತುತ್ತೂರಿ ಊದುತ್ತಾರೆ, ಸ್ನಾನದಲ್ಲಿ ಇರುವವರನ್ನು ಬಿಟ್ಟು ಎಲ್ಲರೂ ಓಡುತ್ತೇವೆ. ದೆಹಲಿ ಚಳಿಗಾಲದಲ್ಲಿ ಮಾತ್ರ ತೆರೆಯುತ್ತದೆ. ನಿಮ್ಮ ಕಾಲದಲ್ಲಿ ಹಳೇ ಕಾಲದ್ದು ಅಂತ ನಗುತ್ತಿದ್ದ ಹೆಸರುಗಳು ನಮ್ಮಲ್ಲಿ ಮತ್ತೆ ಶೋಕಿಯಾಗಿವೆ. ನನ್ನ ಅಕ್ಕನ ಹೆಸರು ಹೊಂಬಾಳಮ್ಮ, ಅವಳ ಮಗಳ ಹೆಸರು ಕೆಂಪಾಜಿ. ಈ ಕಾಗದ ಅವರಿಬ್ಬರ ಸಲುವಾಗಿ.

ನಮ್ಮದು ಸಮಪಾಲು ಪಕ್ಷ. ನೀವಿನ್ನೂ ಆ ಹೆಸರು ಕೇಳಿಲ್ಲ, ಕೇಳುತ್ತೀರಿ, ಸೇರುತ್ತೀರಿ ಕೂಡ. ಹಿಂದಿನ ತಿಂಗಳು ದೇಶದ ಚುನಾವಣೆಯಲ್ಲಿ ನಾವು ಸೋತೆವು. ಫಲಿತಾಂಶವನ್ನು ಮುಗಿಲುಪಟದಲ್ಲಿ ತೋರಿಸುತ್ತಾರೆ, ಅಂದರೆ ಸಂಜೆಯ ಆಕಾಶದ ಮೇಲೆಯೇ ದೇಶದ ನಕ್ಷೆ ಬಿಡಿಸಿ ಗೆದ್ದವರ ಬಣ್ಣ ಬಳಿಯುತ್ತಾರೆ. ನಮ್ಮದು ಅರಿಶಿನದ ಬಣ್ಣ. ಊರಿಗೆ ಊರೇ ಮಾಳಿಗೆ ಹತ್ತಿ ಕತ್ತೆತ್ತಿ ನಿಂತಿತ್ತು. ಬೂದುಬಣ್ಣ ಬಡಗಲಿಂದ ಇಳಿಯುತ್ತಾ ಬಂತು, ಗೋದಾವರಿ ದಾಟಿತು, ಕೃಷ್ಣೆ ದಾಟಿತು. ಕೊನೆಗೆ ನಮ್ಮ ತಲೆಯ ಮೇಲೆ ದನದ ಕಣ್ಣಿನ ಪಿಸುರಿನಷ್ಟು ಅರಿಶಿನ ಉಳಿಯಿತು. ಪಕ್ಕದ ಮಾಳಿಗೆಯ ಬೋರಮ್ಮ, ಆಯಮ್ಮ ಸಾವಿನ ಮನೆಯಲ್ಲೂ ಬಾಯಿ ಮಾಡುವವಳು, ಅವತ್ತು ಸೆರಗು ಬಾಯಿಗಿಟ್ಟುಕೊಂಡು ಇಳಿದು ಹೋದಳು. ದೇಶದ ಸೋಲಿಗೆ ಯಾರೂ ಹೆದರಲಿಲ್ಲ ಅಜ್ಜಿ, ಸೋಲು ನಮಗೆ ಹೊಸದಲ್ಲ. ಸೋತ ಮೇಲೆ ಪಕ್ಷದೊಳಗೆ ಅಧ್ಯಕ್ಷರ ಚುನಾವಣೆ ಆಗಲೇಬೇಕು ಅಂತ ನಿಯಮವಿದೆ. ಹೆದರಿದ್ದು ಅದಕ್ಕೆ.

ಆ ಚುನಾವಣೆ ಹೇಗೆ ನಡೆಯುತ್ತದೆ ಅಂತ ಹೇಳಬೇಕು, ಯಾಕೆಂದರೆ ಅದು ಹೀಗೆ ನಡೆಯುವುದಕ್ಕೆ ಕಾರಣ ನೀವು. ಪಕ್ಷಕ್ಕೆ ಸೇರಿದ ದಿನ ಪ್ರತಿಯೊಬ್ಬರಿಗೂ ಒಂದು ಹುಣಸೆಬೀಜ ಕೊಡುತ್ತಾರೆ, ಅವರವರ ಗುರುತು ಗೀರಿರುತ್ತದೆ. ಚುನಾವಣೆಯ ದಿನ ಅಭ್ಯರ್ಥಿಗೊಂದು ಗಡಿಗೆ ಇಡುತ್ತಾರೆ. ಸಾಲಾಗಿ ಬಂದು ಬೇಕಾದವರ ಗಡಿಗೆಗೆ ಬೀಜ ಹಾಕಬೇಕು, ಎಣಿಕೆ ಮುಗಿದ ಮೇಲೆ ತಮ್ಮ ತಮ್ಮ ಬೀಜ ವಾಪಸು ತೆಗೆದುಕೊಂಡು ಮನೆಗೆ ಹೋಗಬೇಕು. ಮಕ್ಕಳಾಟದಂಥ ಚಂದದ ಪದ್ಧತಿ. ನೀವು ತುಂಬಾ ವರ್ಷಗಳ ನಂತರ, ತುಂಬು ವಯಸ್ಸಿನಲ್ಲಿ, ಪಕ್ಷ ಮೊದಲ ಸಲ ದೇಶದಲ್ಲಿ ಸೋತ ವರ್ಷ, ಅಂಥದ್ದೇ ಸಾಲಿನಲ್ಲಿ ನಿಂತಿದ್ದಾಗ ತೀರಿಕೊಂಡಿರಿ. ವರ್ಷ ಬರೆದರೆ ಹಿಂದಂಚೆಯವರು ಅಳಿಸುತ್ತಾರೆ, ಕೇಳಬೇಡಿ. ಬೀಜ ನಿಮ್ಮ ಮುಷ್ಟಿಯಲ್ಲಿತ್ತು. ಬಿಡಿಸಲು ನೋಡಿದರು, ಬರಲಿಲ್ಲ. ಆಗ ಯಾರೋ ಹಿರಿಯರು ಅಂದರಂತೆ, "ಸರ್ವಮಂಗಳಮ್ಮ ಯಾರಿಗೆ ಹಾಕೋಕೆ ಬಂದಿದ್ಲು ಅಂತ ನಮಗೆಲ್ಲ ಗೊತ್ತು. ಅವಳು ಹೋದಳು ಅಂತ ಅವಳ ಮಾತೂ ಹೋಗಬೇಕಾ?" ಸೋತು ಸುಣ್ಣವಾಗಿದ್ದ ಜನ ಅತ್ತರು. ನಿಮ್ಮ ಕೈಯನ್ನು ಗಡಿಗೆಯ ಬಾಯಿಗೆ ಹಿಡಿದರು, ಆಗ ಮುಷ್ಟಿ ಬಿಟ್ಟಿತಂತೆ. ಅದನ್ನು ತಾಯಿಬೀಜ ಅನ್ನುತ್ತೇವೆ. ಅವತ್ತಿನಿಂದ ನಮ್ಮ ಪಕ್ಷದಲ್ಲಿ ಯಾರಾದರೂ ಸತ್ತರೆ ಮನೆಯವರು ಅವರ ಬೀಜ ತಂದು ಅವರು ಕೊನೆಗೆ ಹಾಕಿದ ಗಡಿಗೆಗೇ ಹಾಕುತ್ತಾರೆ, ಅದು ಅಲ್ಲೇ ಉಳಿಯುತ್ತದೆ.

ನಿಮ್ಮ ಕಾಲದಲ್ಲಿ ಸತ್ತವರ ಹೆಸರಿನಲ್ಲಿ ಓಟು ಹಾಕುತ್ತಿದ್ದರಂತೆ, ಅದೂ ಕದ್ದುಮುಚ್ಚಿ. ನಾವು ಮರ್ಯಾದಸ್ಥರು, ರಾಜಾರೋಷವಾಗಿ ಹಾಕುತ್ತೇವೆ. ಮೊದಲಿಗೆ ಯಾರಿಗೂ ಇದರ ಬಿಸಿ ತಟ್ಟಲಿಲ್ಲ. ಆದರೆ ಇನ್ನೊಂದು ಪದ್ಧತಿಯೂ ಇತ್ತು ನೋಡಿ, ಎಣಿಕೆಯಾದ ಮೇಲೆ ಸೋತವರ ಗಡಿಗೆ ಒಡೆಯುವುದು. ಗಡಿಗೆ ಒಡೆದ ಮೇಲೆ ಅದರಲ್ಲಿದ್ದ ಸತ್ತವರ ಬೀಜ ಚೆಲ್ಲಾಪಿಲ್ಲಿ. ಗೆದ್ದ ಗಡಿಗೆ ಮಾತ್ರ ಉಳಿಯಿತು, ಅದರಲ್ಲಿ ಸತ್ತವರು ಸೇರುತ್ತಾ ಹೋದರು. ಹೀಗೆ ತಲೆಮಾರು ಕಳೆದು ಈಗ ಅಧ್ಯಕ್ಷರಿಂದ ಅಧ್ಯಕ್ಷರಿಗೆ ಬಂದ ಗಡಿಗೆ, ನಾವು ಹಿರಿಗಡಿಗೆ ಅನ್ನುತ್ತೇವೆ, ಚುನಾವಣೆ ಶುರುವಾಗುವ ಮೊದಲೇ ಕಂಠದವರೆಗೆ ತುಂಬಿರುತ್ತದೆ. ಎದುರಿಗೆ ನಿಂತವರ ಗಡಿಗೆ ಕುಂಬಾರರ ಮನೆಯಿಂದ ಬಂದದ್ದು, ಆವಿಗೆಯ ವಾಸನೆ ಕೂಡ ಹೋಗಿರುವುದಿಲ್ಲ, ಬರಿದು. ಬದುಕಿರುವವರೆಲ್ಲ ಒಂದಾಗಿ ಹಾಕಿದರೂ ಅದರ ಹೊಟ್ಟೆ ತುಂಬುವುದಿಲ್ಲ.

ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ಸೋತವರು ಮುನಿಸಿಕೊಂಡು ಪಕ್ಷ ಒಡೆಯುತ್ತಾರೆ ಅನ್ನುವ ಭಯಕ್ಕೆ ನಮ್ಮ ಹಿರಿಯರು ಗಡಿಗೆವಾಸ ಅನ್ನುವುದನ್ನು ತಂದರು. ಸೋತ ಅಭ್ಯರ್ಥಿ ಹಿರಿಗಡಿಗೆ ಇರುವ ಕಲ್ಲುಮನೆಯೊಳಗೆ ಹೋಗಿ ಸತ್ತವರ ಬೀಜ ಕಾಯಬೇಕು, ಬೆಳಗಿನಿಂದ ಅವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿರಬೇಕು, ಆ ಹೆಸರುಗಳ ಹೊರತು ಬಾಯಲ್ಲಿ ಬೇರೆ ಮಾತು ಬರಬಾರದು. ಶಿಕ್ಷೆ ಅಂದರೆ ಅಧ್ಯಕ್ಷರಿಗೆ ಸಿಟ್ಟು ಬರುತ್ತದೆ, ಗೌರವ ಅನ್ನಬೇಕು. ಒಳಗೆ ಹೋದವರನ್ನು ಹೊರಗೆ ಕರೆಸುವ ಅಧಿಕಾರ ಗೆದ್ದ ಅಧ್ಯಕ್ಷರಿಗೆ ಮಾತ್ರ. ಇದುವರೆಗೆ ಯಾರನ್ನೂ ಕರೆಸಿಲ್ಲ.

ನನ್ನ ಅಕ್ಕ ಹೊಂಬಾಳಮ್ಮ ಹಿಂದಿನ ಸಲ ನಿಂತಿದ್ದಳು. ನನಗಿಂತ ಬಾಯಿ ಜೋರು, ಅದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ನೀರಿನ ಸರದಿಯ ಜಗಳದಲ್ಲಿ ಅವಳು ಕೇರಿಯ ಈ ತುದಿಯಲ್ಲಿ ಬೈದರೆ ಆ ತುದಿಯಲ್ಲಿ ಕೊಡ ಕೆಳಗಿಡುತ್ತಿದ್ದರು. ಈಗ ಕಲ್ಲುಮನೆಯ ಕಿಟಕಿಯಲ್ಲಿ ಅವಳನ್ನು ನೋಡಬಹುದು. ಯುಗಾದಿಗೆ ಹೋಗಿ ಕಿಟಕಿಗೆ ಮುಖ ಒತ್ತಿ "ಅಕ್ಕಾ" ಅಂದೆ. ಅವಳು ನನ್ನನ್ನು ನೋಡಿದಳು, ಗುರುತು ಸಿಕ್ಕಿತು ಅಂತ ಕಣ್ಣು ಹೇಳಿತು. ಬಾಯಿ ತೆರೆದಳು, ಬಂದದ್ದು "ಸರ್ವಮಂಗಳಮ್ಮ." ಹೆಸರುಗಳಲ್ಲಿ ಮೊದಲನೆಯದು ನಿಮ್ಮದು. ಅವಳಿಗೆ ಏನು ಹೇಳಲು ಹೋದರೂ ಅಲ್ಲಿಂದಲೇ ಶುರುವಾಗುತ್ತದೆ. ಒಬ್ಬಟ್ಟು ತಂದಿದ್ದೇನೆ ಅಂದೆ. "ಸರ್ವಮಂಗಳಮ್ಮ" ಅಂದಳು. ಕೆಂಪಾಜಿ ಚೆನ್ನಾಗಿದ್ದಾಳೆ ಅಂದೆ. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನೀವೇ ಬಂದಿರಿ. ಒಬ್ಬಟ್ಟಿನ ಗಂಟನ್ನು ಕಿಟಕಿಯ ಸರಳುಗಳ ನಡುವೆ ಒಳಗೆ ತೂರಿಸಿ ಬಂದೆ.

ಈ ಸಲದ ಸೋಲಾದ ಮೇಲೆ ಕೆಂಪಾಜಿ ನಿಲ್ಲುತ್ತೇನೆ ಅಂದಳು. ಅಮ್ಮನನ್ನು ಹೊರಗೆ ತರಲು ಇರುವುದು ಅದೊಂದೇ ದಾರಿ. ಅವಳಿಗೊಂದು ಲೆಕ್ಕಾಚಾರವಿತ್ತು. ಮೊದಲು ಮಹಾಸಭೆಯಲ್ಲಿ ಸತ್ತವರ ಬೀಜಗಳನ್ನು ಗೌರವವಾಗಿ ಕೆರೆಗೆ ಬಿಟ್ಟುಬಿಡೋಣ ಅಂತ ಒಪ್ಪಿಸುವುದು, ಆಮೇಲೆ ಬರಿದಾದ ಹಿರಿಗಡಿಗೆಯ ಎದುರು ತನ್ನ ಗಡಿಗೆ. ಅದನ್ನು ನಂಬಿ ಹೊಸ ಗಡಿಗೆ ಇಟ್ಟೇಬಿಟ್ಟಳು. ಒಮ್ಮೆ ಇಟ್ಟ ಗಡಿಗೆ ವಾಪಸು ತೆಗೆಯುವಂತಿಲ್ಲ. ನನ್ನನ್ನೂ ಕರೆದುಕೊಂಡು ಮನೆಮನೆ ತಿರುಗಿದಳು. ಬೋರಮ್ಮನ ಮನೆಯಲ್ಲಿ ಕೇಳಿದಳು, "ಅಜ್ಜಿ, ನಿಮ್ಮ ಯಜಮಾನ್ರು ಇವತ್ತು ಇದ್ದಿದ್ರೆ ಇದೇ ಗಡಿಗೆಗೆ ಹಾಕ್ತಿದ್ರಾ?" ಬೋರಮ್ಮ ರಾಗಿ ಕೇರುತ್ತಲೇ ಅಂದಳು, "ಇದ್ದಾಗ ಆ ಮನುಷ್ಯ ನನ್ನ ಒಂದು ಮಾತು ಕೇಳಲಿಲ್ಲ ಕಣವ್ವ, ಸತ್ತ ಮೇಲೆ ಕೇಳ್ತಾನಾ?" ನಕ್ಕೆವು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ ಅಂದಳು, "ಬೀಜ ತೆಗೆದ್ರೆ ಅವನು ಎರಡನೇ ಸಲ ಸತ್ತಂಗೆ. ಒಂದ್ಸಲ ನೋಡಿದ್ದೇ ಸಾಕು. ಆಮೇಲೆ ನಾಳೆ ನನ್ನ ಬೀಜಾನೂ ತೆಗೀತಾರಲ್ಲ?" ಎಲ್ಲಾ ಮನೆಯಲ್ಲೂ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹಿರಿಗಡಿಗೆಯನ್ನು ಬೈಯದವರಿಲ್ಲ, ತಾವು ಸತ್ತ ಮೇಲೆ ಲೆಕ್ಕಕ್ಕಿರುವುದಿಲ್ಲ ಅನ್ನುವುದನ್ನು ಒಪ್ಪುವವರೂ ಇಲ್ಲ.

ಮಹಾಸಭೆ ಹಳೇ ರೈಲು ಜಂಕ್ಷನ್ನಿನ ಚಪ್ಪರದ ಕೆಳಗೆ ನಡೆಯಿತು. ಅಧ್ಯಕ್ಷ ಮುದ್ದುವೀರಣ್ಣ ಎದ್ದು ನಿಂತರು. ಒಂದೂ ಚುನಾವಣೆ ಗೆಲ್ಲಿಸದ ಮನುಷ್ಯ, ಆದರೆ ದನಿ ಬೆಣ್ಣೆ. "ನಾವು ಸೋತಿದ್ದೀವಿ ನಿಜ. ಸೋಲಿಸಿದವರು ಯಾರು? ಬದುಕಿರುವವರು. ಸತ್ತವರು ಒಬ್ಬರಾದ್ರೂ ನಮ್ಮ ಕೈ ಬಿಟ್ಟಿದಾರಾ?" ಅಂದರು. ಜನ ತಲೆ ಆಡಿಸಿದರು. ನನಗೆ ತಡೆಯಲಾಗಲಿಲ್ಲ, ಎದ್ದೆ. ಸತ್ತವರಿಗೆ ಓಟಿದ್ದ ಮೇಲೆ ಕೆಲಸವೂ ಇರಲಿ, ಮುಂದಿನ ಸಲ ಗೋಡೆಗೆ ಪೋಸ್ಟರ್ ಅಂಟಿಸಲು ಅವರೇ ಬರಲಿ, ನೀರಿನ ಸರದಿಗೂ ಅವರೇ ನಿಲ್ಲಲಿ, ನಮಗೆ ಬಿಸಿಲು ತಪ್ಪುತ್ತದೆ ಅಂದೆ. ಚಪ್ಪರಕ್ಕೆ ಚಪ್ಪರವೇ ನಕ್ಕಿತು ಅಜ್ಜಿ, ನಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮುದ್ದುವೀರಣ್ಣನವರೂ ನಕ್ಕರು. ನಗು ನಿಲ್ಲುವವರೆಗೆ ಕಾದು, "ಗವಿರಂಗಣ್ಣ, ನಿಮಗೂ ಎಪ್ಪತ್ತಾಯ್ತು. ಇವತ್ತಲ್ಲ ನಾಳೆ ಅವರ ಜೊತೆಗೇ ಸೇರೋರು. ಅವರನ್ನ ಎದುರು ಹಾಕ್ಕೋಬೇಡಿ" ಅಂದರು. ಪ್ರೀತಿಯಿಂದಲೇ ಅಂದರು. ಆಮೇಲೆ ಯಾರೂ ನಗಲಿಲ್ಲ. ನಾನು ಕೂತೆ.

ಸತ್ತವರ ಬೀಜ ತೆಗೆಯಬೇಕೋ ಬೇಡವೋ ಅಂತ ಮತಕ್ಕೆ ಹಾಕಿದರು. ಮತದಲ್ಲಿ ಸತ್ತವರನ್ನೂ ಸೇರಿಸಿದರು. ಬೇಡ ಅಂತಾಯಿತು.

ಬೀಜ ಹಾಕುವುದು, ಎಣಿಕೆ ಎರಡೂ ನಾಳೆ ಗುರುವಾರ. ಕೆಂಪಾಜಿಯ ಗಡಿಗೆ ಕಲ್ಲುಮನೆಯ ಜಗಲಿಯ ಮೇಲೆ, ಚುನಾವಣೆಗೆಂದು ಹೊರಗೆ ತಂದಿಟ್ಟ ಹಿರಿಗಡಿಗೆಯ ಪಕ್ಕದಲ್ಲಿ ಕೂತಿದೆ, ಆನೆಯ ಪಕ್ಕ ಆಡು ಕಟ್ಟಿದ ಹಾಗೆ. ಓಡಿಹೋಗು ಮಗ, ಬಯಲುಸೀಮೆ ದಾಟಿದರೆ ಯಾರೂ ಹುಡುಕುವುದಿಲ್ಲ, ನನಗೆ ಎಲ್ಲಾ ಕಡೆ ಗುರುತಿನವರಿದ್ದಾರೆ ಅಂತ ಹೇಳಿದೆ. "ನಿನ್ನ ಗುರುತಿನವರೆಲ್ಲ ಸತ್ತಿದಾರೆ ಮಾವ" ಅಂದಳು. ನಾನು ಕೋಪ ಮಾಡಿಕೊಂಡ ಹಾಗೆ ನಟಿಸಿದೆ. ಅವಳು ನಗುನಗುತ್ತಲೇ ಒಳಗೆ ಹೋದಳು. ಅವಳಿಗೆ ಭಯವಿಲ್ಲ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು, ತುಟಿ ಆಡುತ್ತಿತ್ತು. ಹಾಡು ಗುನುಗುತ್ತಿದ್ದಾಳೆ ಅಂತ ಹತ್ತಿರ ಹೋದೆ. ಹಾಡಾಗಿರಲಿಲ್ಲ. ನಿಮ್ಮ ಹೆಸರಿನಿಂದ ಶುರುಮಾಡಿ ಒಂದೊಂದೇ ಹೆಸರು, ತಪ್ಪಿದರೆ ಮತ್ತೆ ಮೊದಲಿನಿಂದ. ನನ್ನನ್ನು ನೋಡಿ ಕೈ ನಿಲ್ಲಿಸದೆ ಅಂದಳು, "ಒಳಗೆ ಹೋದ ಮೇಲೆ ಕಲಿಯೋಕೆ ಕೂತ್ರೆ ಅಮ್ಮನಿಗೆ ಭಾರ ಆಗುತ್ತೆ. ಬಾಯಿಪಾಠ ಮಾಡಿಕೊಂಡೇ ಹೋಗ್ತೀನಿ." ಮುದ್ದೆ ಎಂದಿನಂತೆ ಗಂಟಿಲ್ಲದೆ ಬಂದಿತ್ತು. ನನ್ನ ಪಾಲನ್ನೂ ಅವಳ ತಟ್ಟೆಗೇ ಹಾಕಿದೆ. ಆಮೇಲೆ ಬಾಗಿಲು ಹಾಕಿಕೊಂಡು ಈ ಕಾಗದ ಬರೆಯಲು ಕೂತೆ.

ನನ್ನ ಭಯ ಒಂದಲ್ಲ. ಅವಳು ಸೋಲುತ್ತಾಳೆ, ಅದು ಖಂಡಿತ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯಾವುದೋ ಪವಾಡದಿಂದ ಅವಳು ಗೆದ್ದಳು ಅಂತಿಟ್ಟುಕೊಳ್ಳಿ. ಆಗ ಉಳಿಯುವುದು ಅವಳ ಗಡಿಗೆ. ನಾನು ಸತ್ತ ಮೇಲೆ ನನ್ನ ಬೀಜ ಅದರಲ್ಲೇ ಕೂತಿರುತ್ತದೆ, ಬೋರಮ್ಮನದು ಅದರ ಪಕ್ಕದಲ್ಲಿ. ಕೆಂಪಾಜಿಯ ಮೊಮ್ಮಗಳ ಕಾಲದಲ್ಲಿ ಯಾವುದೋ ಹುಡುಗಿ ಹೊಸ ಗಡಿಗೆ ತಂದು ಎದುರಿಗಿಡುತ್ತಾಳೆ, ಅವಳು ಹೇಳುವುದೇ ಸರಿಯಿರುತ್ತದೆ, ನಾನು ಅವಳ ವಿರುದ್ಧ ಓಟು ಹಾಕುತ್ತಲೇ ಇರುತ್ತೇನೆ. ನಾನು ಎಪ್ಪತ್ತು ವರ್ಷ ಬಾಯಿ ಮುಚ್ಚದ ಮನುಷ್ಯ. ಸತ್ತ ಮೇಲಾದರೂ ಸುಮ್ಮನಾಗುತ್ತಾನಲ್ಲ ಅಂತ ನನ್ನ ಹೆಂಡತಿ ಆಸೆ ಇಟ್ಟುಕೊಂಡೇ ಹೋದಳು. ಸುಮ್ಮನಾಗಲು ಬಿಡುವುದಿಲ್ಲ ಅಂದರೆ ಎಷ್ಟು ಹೆದರಿಕೆ ಅಂತ ನನಗೇ ಗೊತ್ತಿರಲಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ನೀವು ಪಕ್ಷಕ್ಕೆ ಸೇರಬೇಡಿ ಅಂತ ಕೇಳುವುದಿಲ್ಲ, ನೀವಿಲ್ಲದಿದ್ದರೆ ನಮಗೆ ನೀರಿನ ಸರದಿಯೂ ಬರುತ್ತಿರಲಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಯಾರಿಗೆ ಹಾಕಬೇಕು ಅಂತಲೂ ಹೇಳುವುದಿಲ್ಲ. ಬಹಳ ವರ್ಷದ ನಂತರ ಒಂದು ದಿನ ಬಿಸಿಲಲ್ಲಿ ಸಾಲು ನಿಂತಿರುತ್ತೀರಿ. ಎಡಗಡೆ ಎದೆ ಹಿಡಿದ ಹಾಗಾಗುತ್ತದೆ. ಮುಂದೆ ನಿಂತವರ ಬೆನ್ನು ಮಸುಕಾಗುತ್ತದೆ. ಆ ಹೊತ್ತಿನಲ್ಲಿ ನಿಮಗೆ ಈ ಗವಿರಂಗಯ್ಯನ ನೆನಪಾಗಲಿ. ಬೀಜ ಬಿಗಿಯಾಗಿ ಹಿಡಿದುಕೊಳ್ಳಬೇಡಿ. ಬಾಯಿಗೆ ಹಾಕಿಕೊಂಡು ಜಗಿದುಬಿಡಿ, ಹಲ್ಲಿಲ್ಲದಿದ್ದರೆ ಪಕ್ಕದವರ ಕಾಲಡಿಗೆ ಎಸೆಯಿರಿ. ಜನ ಬಂದು ನೋಡಿದಾಗ ನಿಮ್ಮ ಕೈ ಬಿಚ್ಚಿರಲಿ, ಬರಿದಾಗಿರಲಿ. ಅವರು ಒಂದು ಗಳಿಗೆ ಅತ್ತು ನಿಮ್ಮನ್ನು ಮಣ್ಣು ಮಾಡಿ ಬಂದು ಸಾಲಿಗೆ ನಿಲ್ಲುತ್ತಾರೆ.

ಹಾಗೆ ಮಾಡಿದರೆ ಇತ್ತ ಏನಾಗುತ್ತದೆ ಅಂತ ಹಿಂದಂಚೆಯವರಿಗೂ ಗೊತ್ತಿಲ್ಲ. ಈ ಕಾಗದ ಬರೆಯಲು ನನಗೆ ಕಾರಣವೇ ಇರುವುದಿಲ್ಲ, ಹಾಗಾಗಿ ನಿಮ್ಮ ಕೈಯಲ್ಲಿರುವ ಹಾಳೆ ಖಾಲಿಯಾಗಬಹುದು. ನನ್ನ ಇಷ್ಟು ಒಳ್ಳೆಯ ಕೈಬರಹ ಹೋಗುತ್ತದಲ್ಲ ಅಂತ ಸಂಕಟವಿದೆ, ಹೋಗಲಿ ಬಿಡಿ.

ನಾಳೆ ಬೆಳಕು ಹರಿಯುತ್ತಲೇ, ಎಣಿಕೆಗೆ ಮೊದಲು, ಕಲ್ಲುಮನೆಯ ಕಿಟಕಿಗೆ ಹೋಗಿ "ಅಕ್ಕಾ" ಅಂತ ಕರೆಯುತ್ತೇನೆ. ಅವಳು ಮೊದಲಿನ ಹಾಗೆ "ಏನೋ ನಿಂದು ಬೆಳಿಗ್ಗೆ ಬೆಳಿಗ್ಗೆ" ಅಂತ ಬೈದರೆ, ನೀವು ಮುಷ್ಟಿ ಬಿಚ್ಚಿದಿರಿ ಅಂತ ತಿಳಿದು ಅಲ್ಲೇ ನಿಮಗೆ ಕೈಮುಗಿಯುತ್ತೇನೆ.

ಅವಳು ನಿಮ್ಮ ಹೆಸರು ಹೇಳದಿರಲಿ ಅಜ್ಜಿ.

ನಿಮ್ಮ ಮರಿಮಗಳ ಮೊಮ್ಮಗ,
ಗವಿರಂಗಯ್ಯ